ಶಿವಗಂಗವ್ವನ ಎಡಗೈ

ಮಾಂತುವಿಗೂ ಕುರ್ಚಿಗೂ ಆಗಿಬರುತ್ತಿರಲಿಲ್ಲ. ಪುಣೆಯ ಟಿಳಕ ರಸ್ತೆಯ ಆ ಸ್ಕ್ಯಾನ್ ಸೆಂಟರಿನಲ್ಲಿ ಹನ್ನೆರಡು ವರ್ಷ ದುಡಿದ ಮನುಷ್ಯ ಹನ್ನೆರಡು ನಿಮಿಷ ಒಂದೇ ಕಡೆ ಕೂತದ್ದನ್ನು ಕಂಡವರಿಲ್ಲ. ಸಿಟಿ ಸ್ಕ್ಯಾನ್ ಯಂತ್ರ ತಿರುಗುವಾಗ ಗಾಜಿನ ಈಚೆ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಯಂತ್ರ ನಿಂತಿತೋ, ಒಳಗೆ ಓಟ. ಒಳಗಿಂದ ಔಷಧಿ ಬೆಚ್ಚಗಿಡುವ ಪೆಟ್ಟಿಗೆಯ ಹತ್ತಿರ. ಅಲ್ಲಿಂದ ಮತ್ತೆ ಗಾಜಿನ ಹತ್ತಿರ. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ದೀಪಾಲಿ "ಸರ್, ಬಸಾ ನಾ" ಎಂದು ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನಿಗೆ ತನ್ನ ಟವೆಲ್ ತೂಗುಹಾಕಿ ನಡೆದುಬಿಡುತ್ತಿದ್ದ. ಪಾಪ, ಕುರ್ಚಿಗಾದರೂ ಒಂದು ಉಪಯೋಗ ಬೇಕಲ್ಲ.

ಈ ಚಡಪಡಿಕೆ ಹುಟ್ಟಿನಿಂದ ಬಂದದ್ದಲ್ಲ. ತೊಂಬತ್ಮೂರರಲ್ಲಿ ಇಂಡಿ ತಾಲೂಕಿನಿಂದ ಪುಣೆಗೆ ಬಂದಾಗ ಅವನಿಗೆ ಸಿಕ್ಕಿದ್ದು ಎಕ್ಸ್‌ರೇ ಫಿಲಂ ತೊಳೆಯುವ ಕತ್ತಲೆ ಕೋಣೆಯ ಕೆಲಸ. ತಣ್ಣಗೆ ನಿಂತು ಮಾಡುತ್ತಿದ್ದ. ಅಲ್ಲಿಂದ ಡಿಪ್ಲೊಮಾ ಮುಗಿಸಿ ಸಿಟಿ ಕೋಣೆಗೆ ಬಡ್ತಿ ಪಡೆದ. ರಕ್ತನಾಳಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣಲಿ ಎಂದು ನರಕ್ಕೆ ಕೊಡುವ ಅಯೋಡಿನ್ ಔಷಧಿಯನ್ನು, ಅಂದರೆ ಕಾಂಟ್ರಾಸ್ಟನ್ನು, ಆಗ ಕೈಯಿಂದಲೇ ಒತ್ತಬೇಕಿತ್ತು. ಸಕ್ಕರೆ ಪಾಕದಂಥ ಮಂದ ನೀರು. ಒತ್ತುವವರ ಹೆಬ್ಬೆರಳು ನೋಯುತ್ತಿತ್ತು. ತೊಂಬತ್ತಾರರಲ್ಲಿ ಒಬ್ಬ ರಿಕ್ಷಾ ಚಾಲಕನಿಗೆ ಆ ಔಷಧಿ ಒಳಗೆ ಹೋದ ಎರಡೇ ನಿಮಿಷಕ್ಕೆ ಮೈತುಂಬ ಗಂದೆ ಎದ್ದು ಉಸಿರು ಕಟ್ಟಿತು. ಡಾಕ್ಟರು ಉಳಿಸಿಕೊಂಡರು. ಆತ ಸಂಜೆ ಚಹಾ ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ ಮನೆಗೆ ಹೋದ. ಅಂದು ಎದ್ದು ನಿಂತ ಮಾಂತು ಮಾತ್ರ ಮತ್ತೆ ಕೂರಲಿಲ್ಲ ಎಂದೇ ಹೇಳಬೇಕು.

ಎರಡು ಸಾವಿರದ ಐದರ ಜುಲೈ, ಒಂದು ಮಂಗಳವಾರ. ಬೆಳಗಿನ ಪಟ್ಟಿಯಲ್ಲಿ ಮೂರನೆಯ ಹೆಸರಿನ ಮೇಲೆ ಅವನ ಬೆರಳು ನಿಂತಿತು. ಶಿವಗಂಗವ್ವ ಈರಬಸಪ್ಪ ಬಿರಾದಾರ, ಅರವತ್ತೊಂದು ವರ್ಷ, ಲಿವರ್ ಪರ್ಫ್ಯೂಜನ್. ಅದೇ ಹೆಸರಿನವರು ಪುಣೆಯಲ್ಲಿ ಇನ್ನೊಬ್ಬರು ಇರಲಿ ದೇವರೇ ಎಂದುಕೊಳ್ಳುತ್ತ ಹೊರಗೆ ಇಣುಕಿದ. ಬೆಂಚಿನ ಮೇಲೆ ಅವಳೇ ಕೂತಿದ್ದಳು. ಪಕ್ಕದಲ್ಲಿ ಗಂಡ ಈರಬಸಪ್ಪ, ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯ ಗುಮಾಸ್ತ, ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

"ಏನಪಾ ಮಾಂತೂ, ನೀ ಇಲ್ಲೇ ಅದಿಯೇನು?"

"ಹೌದ್ರಿ ಅವ್ವಾರ. ಭಾಳ ಸೊರಗೀರಲ್ರಿ."

"ಸೊರಗಲಾರದೇನು? ನಾ ಬಡದ ರೊಟ್ಟಿ ನನಗ ಸೇರವಲ್ಲವು."

ಭವಾನಿ ಪೇಠದಲ್ಲಿ ಶಿವಗಂಗವ್ವನದೊಂದು ಖಾನಾವಳಿ ಇತ್ತು. ಮದುವೆಯಾಗುವ ತನಕ ಆರು ವರ್ಷ ಮಾಂತು ಉಂಡದ್ದು ಅಲ್ಲೇ. ವಿಜಾಪುರ ಸೀಮೆಯ ಹುಡುಗರು ಹೊಸದಾಗಿ ಬಂದರೆ ಅವಳು ಊರು ಕೇಳುವ ಮೊದಲು ಕೊರಳು ನೋಡುತ್ತಿದ್ದಳು. ಲಿಂಗಾಯತರ ಹುಡುಗನಾದರೆ ಕೊರಳಲ್ಲಿ ಶಿವದಾರ, ಅದರ ತುದಿಗೆ ಕರಡಗಿ, ಕರಡಗಿಯೊಳಗೆ ಇಷ್ಟಲಿಂಗ ಇರಬೇಕು. ಇದ್ದವನಿಗೆ ಮೊದಲ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಇಲ್ಲದವನಿಗೂ ರೊಟ್ಟಿ ಸಿಗುತ್ತಿತ್ತು, ಆದರೆ ಜೊತೆಗೆ ಒಂದು ಭಾಷಣವೂ ಸಿಗುತ್ತಿತ್ತು.

ಮಾಂತುವಿನ ಸಂಕಟ ಏನೆಂದರೆ, ಪುಣೆಗೆ ಬಂದ ಎರಡನೇ ವಾರವೇ ಅವನ ಕರಡಗಿ ಫಿಲಂ ತೊಳೆಯುವ ತೊಟ್ಟಿಯಲ್ಲಿ ಅದ್ದಿ ಕಪ್ಪಾಗಿತ್ತು. ಲಿಂಗವನ್ನು ತೆಗೆದು ಬನಿಯನ್ನಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ. ಆಮೇಲೆ ಕಟ್ಟಿಕೊಳ್ಳುವ ಮನಸ್ಸೇ ಬರಲಿಲ್ಲ. ಕಟ್ಟಿದರೆ ದಿನಾ ಸ್ನಾನ, ಪೂಜೆ ತಪ್ಪಿಸುವ ಹಾಗಿಲ್ಲ. ಹಾಗಾಗಿ ಊಟಕ್ಕೆ ಹೋಗುವಾಗ ಖಾಲಿ ಕರಡಗಿಯನ್ನು ಕೊರಳಿಗೆ ಹಾಕಿಕೊಂಡು ಹೋಗತೊಡಗಿದ. ಲಿಂಗ ಕಟ್ಟಿಕೊಂಡು ಪೂಜೆ ಮಾಡದಿದ್ದರೆ ಪಾಪ, ಖಾಲಿ ಕರಡಗಿಯಾದರೆ ಬರೀ ಸುಳ್ಳು ಎಂಬುದು ಅವನ ಲೆಕ್ಕ. ಆರು ವರ್ಷ ಆ ಸುಳ್ಳಿನ ಮೇಲೆ ಬೆಣ್ಣೆ ಹಚ್ಚಿಸಿಕೊಂಡು ತಿಂದ ಭೂಪ ಇವನು.

ಒಳಗೆ ಡಾಕ್ಟರ್ ಇಂದೂ ಮೇಡಂ ಕಾಗದ ಹರಡಿಕೊಂಡು ಕೂತಿದ್ದರು. ಸೆಂಟರಿನ ಹಿರಿಯ ರೇಡಿಯಾಲಜಿಸ್ಟ್, ಮಾತು ಕಡಿಮೆ. ಶಿವಗಂಗವ್ವನ ಲಿವರಿನಲ್ಲಿ ಗಡ್ಡೆ. ಮೂರು ತಿಂಗಳಿಂದ ಔಷಧೋಪಚಾರ ನಡೆದಿದೆ. ಗಡ್ಡೆ ಮಾತ್ರ ಇದ್ದಷ್ಟೇ ಇದೆ. ಒಳಗೊಳಗೇ ಸಾಯುತ್ತಿದೆಯೋ ಇಲ್ಲಾ ಇನ್ನೂ ರಕ್ತ ಕುಡಿದು ಬದುಕಿದೆಯೋ, ಉಳಿದ ಲಿವರಿಗೆ ರಕ್ತ ಸಾಕಷ್ಟು ಹೋಗುತ್ತಿದೆಯೋ ಇಲ್ಲವೋ, ಇದು ಗೊತ್ತಾಗದೆ ಸರ್ಜನ್ ಕತ್ತರಿ ಹಿಡಿಯುವುದಿಲ್ಲ. ಅದನ್ನು ಹೇಳುವುದೇ ಈ ಪರ್ಫ್ಯೂಜನ್ ಸ್ಕ್ಯಾನ್. ಔಷಧಿಯನ್ನು ದಪ್ಪ ಸೂಜಿಯಿಂದ ಸೆಕೆಂಡಿಗೆ ಐದು ಮಿಲಿಯಂತೆ ರಭಸವಾಗಿ ಬಿಡುವುದು, ಯಂತ್ರ ಒಂದೇ ಜಾಗದ ಮೇಲೆ ನಿಂತು ಐವತ್ತು ಸೆಕೆಂಡು ಒಂದರ ಹಿಂದೊಂದು ಚಿತ್ರ ತೆಗೆಯುವುದು. ಅಷ್ಟರಲ್ಲಿ ಔಷಧಿ ಲಿವರಿಗೆ ಹೇಗೆ ಬಂತು, ಹೇಗೆ ಹೋಯಿತು ಎಂದು ನೋಡುವುದು. ನಡುವೆ ರೋಗಿ ಅಲುಗಿದರೆ ಮುಗಿಯಿತು.

ಮೇಡಂ ಬೆರಳಿಟ್ಟು ತೋರಿಸಿದ್ದು ಬೇರೊಂದು ಸಾಲನ್ನು. ಶಿವಗಂಗವ್ವನಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಸುಸ್ತಾಗಿವೆ. ಈ ಔಷಧಿಯನ್ನು ಹೊರಗೆ ಹಾಕಬೇಕಾದವು ಕಿಡ್ನಿಗಳೇ. "ಏಕದಾಚ್, ಮಾಂತು," ಅಂದರು. ಒಂದೇ ಸಲ. ಕೆಟ್ಟರೆ ಇವತ್ತು ಎರಡನೇ ಸಲ ಕೊಡುವ ಹಾಗಿಲ್ಲ, ಈ ತಿಂಗಳಲ್ಲೂ ಇಲ್ಲ. ಅಷ್ಟರಲ್ಲಿ ಗಡ್ಡೆ ಕೈಮೀರಿದರೆ ಆಪರೇಷನ್ ಮಾತೇ ಇಲ್ಲ.

ಮಾಂತು ಹೊರಗೆ ಬಂದು ಎರಡು ಸಲ ನೀರು ಕುಡಿದ. ಬೆಚ್ಚಗಿಟ್ಟ ಬಾಟಲಿಯನ್ನು ಕೆನ್ನೆಗೆ ಹಿಡಿದು ನೋಡಿದ, ಮತ್ತೆ ಒಳಗಿಟ್ಟ, ಮತ್ತೆ ತೆಗೆದ. ದೀಪಾಲಿ ಶಿವಗಂಗವ್ವನಿಗೆ ಗೌನ್ ತೊಡಿಸಿ, ಬಲಮೊಳಕೈಗೆ ಸೂಜಿ ಚುಚ್ಚಿ ಯಂತ್ರದ ಹಲಗೆಯ ಮೇಲೆ ಮಲಗಿಸಿದ್ದಳು. ಮಾಂತು ಮತ್ತೊಮ್ಮೆ ಕೇಳಿದ, "ಒಡವಿ ವಸ್ತಾ ಎಲ್ಲಾ ತಗದೀರೇನ್ರಿ ಅವ್ವಾರ?"

"ಎಲ್ಲಾ ತಗದು ನಿಮ್ಮ ಕಾಕಾನ ಕೈಯಾಗ ಕೊಟ್ಟೀನಪಾ. ತಾಳಿನೂ ತಗದೀನಿ."

ಔಷಧಿ ಬಿಡುವ ಮೊದಲು ಒಂದು ಸಾದಾ ಚಿತ್ರ ತೆಗೆಯುವುದು ರೂಢಿ. ತೆಗೆದ. ಪರದೆಯ ಮೇಲೆ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಮೂಡಿದವು. ಸರಿಯಾಗಿ ಲಿವರಿನ ಮೇಲೆ, ಅಚ್ಚ ಬಿಳಿಯಾಗಿ, ಕೋಳಿಮೊಟ್ಟೆಯಷ್ಟು ದೊಡ್ಡದೊಂದು ಗುಂಡು. ದೀಪಾಲಿ "ಹೇ ಕಾಯ್?" ಅಂದಳು, ಇದೇನೆಂದು ಗೊತ್ತಾಗದೆ. ಮಾಂತು ಹಣೆ ಹಣೆ ಬಡಿದುಕೊಂಡ. ತನ್ನ ಪ್ರಶ್ನೆಗೆ ಶಿವಗಂಗವ್ವ ಸತ್ಯವನ್ನೇ ಹೇಳಿದ್ದಳು. ಲಿಂಗವನ್ನು ಒಡವೆ ಎಂದು ಯಾವ ಲಿಂಗಾಯತ ಹೆಂಗಸು ಎಣಿಸುತ್ತಾಳೆ? ಬೆಳ್ಳಿ ಕರಡಗಿಯನ್ನು ಗೌನಿನೊಳಗೆ ಬಲಪಕ್ಕೆಗೆ ಸರಿಸಿಕೊಂಡು ಮಲಗಿದ್ದಳು, ತನ್ನ ಕೈಕಾಲಿನಷ್ಟೇ ಸಹಜವಾಗಿ. ದೀಪಾಲಿಗೆ ತಿಳಿಯದಿದ್ದರೆ ತಪ್ಪಲ್ಲ. ಇಂಡಿ ತಾಲೂಕಿನ ಮಾಂತುವಿಗೆ ತಿಳಿಯಬೇಕಿತ್ತು.

ಒಳಗೆ ಹೋಗಿ ಹೇಳಿದ. ಅವಳು ಒಪ್ಪಲಿಲ್ಲ. ಕೊರಳಿಂದ ತೆಗೆದು ಗಂಡನ ಕೈಗೂ ಕೊಡುವುದಿಲ್ಲ ಅಂದಳು. ಆಗಲಿ, ತೆಗೆಯುವುದು ಬೇಡ ಎಂದು ಮಾಂತು ಕರಡಗಿಯನ್ನು ಮೇಲಕ್ಕೆ, ಅವಳ ಗದ್ದದ ಹತ್ತಿರಕ್ಕೆ ಸರಿಸಲು ಹೇಳಿದ. ಸಾದಾ ಚಿತ್ರ ತೆಗೆದು ನೋಡಿದರೆ ಲಿವರ್ ಚೊಕ್ಕಟ. ಇಷ್ಟೇ ಕೆಲಸ ಎಂದು ಅವನಿಗೆ ನಿರಾಳವಾಯಿತು.

ಆದರೆ ಅವನಲ್ಲೊಂದು ರೂಢಿ ಇತ್ತು. ಔಷಧಿ ಬಿಡುವ ಮೊದಲು ಪ್ರತಿ ರೋಗಿಗೂ ಒಂದು ರಿಹರ್ಸಲ್ ಮಾಡಿಸುತ್ತಿದ್ದ. "ನೋಡ್ರಿ ಅವ್ವಾರ, ಔಷಧ ಒಳಗ ಹೋದಕೂಡ್ಲೇ ಗಂಟಲದಾಗ ಬಿಸಿ, ಎದಿಯಾಗ ಬಿಸಿ, ಆಮ್ಯಾಲೆ ಕೆಳಗ ಬಿಸಿ ಇಳೀತದ. ಹಾಸಿಗಿ ಒದ್ದಿ ಆತು ಅನಸ್ತದ. ಆಗಿರೂದಿಲ್ಲ. ನಾಚಗೊಂಡು ಏಳಬ್ಯಾಡ್ರಿ. ಎರಡೂ ಕೈ ತಲಿ ಮ್ಯಾಲೇ ಇರಬೇಕು." ಹೀಗೆ ಹೇಳಿ, ಅವಳು ಹೂಂ ಅಂದು ಕಣ್ಣುಮುಚ್ಚಿದಾಗ, ಎಚ್ಚರಿಸದೆ ಹಲಗೆಯನ್ನು ರಪ್ಪನೆ ಬಡಿದ.

"ಶಿವಾ!" ಎಂದಳು ಶಿವಗಂಗವ್ವ. ತಲೆಯ ಮೇಲಿದ್ದ ಎಡಗೈ ಕರಡಗಿಯ ಕಡೆಗೆ ಹಾರಿ ಬಂತು. ಮೊಳಕೈ ಚಿತ್ರ ತೆಗೆಯುವ ಜಾಗಕ್ಕೇ ಇಳಿಯಿತು, ಮೈಯೆಲ್ಲ ಒಂದು ಬದಿಗೆ ಹೊರಳಿತು.

ಎರಡನೇ ಸಲವೂ ಹಾಗೇ. ಮೂರನೇ ಸಲ, ಬಡಿಯುತ್ತೇನೆ ಎಂದು ಮೊದಲೇ ಹೇಳಿ ಬಡಿದ. ಆಗಲೂ ಕೈ ನಿಲ್ಲಲಿಲ್ಲ. ಐವತ್ತು ವರ್ಷ ಬೆಚ್ಚಿದಾಗೆಲ್ಲ ಲಿಂಗವನ್ನು ಹುಡುಕಿದ ಕೈ ಮಾಂತುವಿನ ಮಾತು ಯಾಕೆ ಕೇಳೀತು? ಇಂದೂ ಮೇಡಂ ಗಾಜಿನ ಆಚೆಯಿಂದ ಮೈಕಿನಲ್ಲಿ ಕೈ ಕಟ್ಟಿಹಾಕು ಅಂದರು. ಹೊರಗೆ ಅಪಘಾತದ ರೋಗಿಯೊಬ್ಬ ಬಂದಿದ್ದಾನೆ, ಹದಿನೈದು ನಿಮಿಷ ಇದೆ, ಆಗದಿದ್ದರೆ ಇವರನ್ನು ಇಳಿಸು ಅಂದರು. ಕೈ ಕಟ್ಟುವ ಪಟ್ಟಿ ತಂದ ದೀಪಾಲಿಯನ್ನು ನೋಡಿ ಶಿವಗಂಗವ್ವ ಎದ್ದು ಕೂತಳು. "ಕಟ್ಟಸ್ಕೊಂಡು ಮಲಗಾಕಿ ಅಲ್ಲ ನಾ. ನಡಿ, ಮನಿಗಿ ಹೋಗ್ತೀನಿ."

ಮಾಂತು ಆ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದ. ಇವಳು ಹೋದರೆ ಮತ್ತೆ ಬರುವವಳಲ್ಲ. ಬಂದರೂ ಕೈ ಇದೇ ಕೈ. ಯಂತ್ರದ ಸುತ್ತ ಎರಡು ಸುತ್ತು ಬಂದವನು ಥಟ್ಟನೆ ನಿಂತ. ಕೈ ಲಿಂಗವನ್ನು ಹುಡುಕಿಕೊಂಡು ಹೋಗುತ್ತದೆ ತಾನೇ? ಲಿಂಗವೇ ಕೈಯಲ್ಲಿದ್ದರೆ?

"ಅವ್ವಾರ, ಪೂಜಾ ಮಾಡುವಾಗ ಎಡಗೈಯಾಗ ಇಟ್ಕೊಂತೀರಿಲ್ರಿ? ಹಂಗ ಹಿಡ್ಕೋರಿ. ಕರಡಗಿ ಬ್ಯಾಡ, ಲಿಂಗ ಅಷ್ಟ. ಅಂಗೈಯಾಗ ಇದ್ರ ಮೈ ಬಿಟ್ಟಂಗ ಆಗೂದಿಲ್ಲಲ್ರಿ?"

ಶಿವಗಂಗವ್ವ ಯೋಚಿಸಿದಳು. ಅವಳ ಮುಖದಲ್ಲಿ ಸಣ್ಣ ನಗು ಬಂತು. "ಮಲಕೊಂಡು ಅಂಗೈಯಾಗ ಲಿಂಗ ಹಿಡಿಯೂದು ಎಲ್ಲ್ಯರ ಕೇಳೀಯೇನು? ಕುಣ್ಯಾಗ ಕುಂಡ್ರಿಸಿ ಮಣ್ಣ ಕೊಡೂ ಮುಂದ ಇಡ್ತಾರ ಹಂಗ."

"ಅದರ ಮಾತ ಈಗ್ಯಾಕ್ರಿ?"

"ಸೂಜಿ ಔಷಧಕ್ಕ ಕೈ ನಡುಗಿ ಕೆಳಗ ಬಿತ್ತಂದ್ರ?"

ಲಿಂಗ ನೆಲಕ್ಕೆ ಬೀಳುವುದೆಂದರೆ ಅವಳ ಪಾಲಿಗೆ ಪ್ರಾಣ ಬಿದ್ದ ಹಾಗೆ. ಮಾಂತುವಿಗೆ ಇದೂ ಗೊತ್ತಿತ್ತು. "ಬೀಳಗೊಡೂದಿಲ್ರಿ. ನಾ ಆಚೀ ಕಡೆ ನಿಂತು ನಿಮ್ಮ ಮುಷ್ಟಿ ಹಿಡ್ಕೊಂತೀನಿ," ಎಂದುಬಿಟ್ಟ. ಕಿರಣ ಬಿಡುವಾಗ ಕೋಣೆಯಲ್ಲಿ ನಿಲ್ಲುವುದು ಅವನ ಕೆಲಸದವರಿಗೆ ಸಲ್ಲದ ಮಾತು. ಸೀಸದ ಏಪ್ರನ್ ಇದೆ, ಐವತ್ತೇ ಸೆಕೆಂಡು, ನೋಡೋಣ ಎಂದುಕೊಂಡ.

ಶಿವಗಂಗವ್ವ ಅವನನ್ನೇ ನೋಡಿದಳು. "ನೀ ಹಿಡೀತಿ, ಖರೆ. ಲಿಂಗ ಇಲ್ಲದ ಕೈ ತಾಗಬಾರದು. ನಿನ್ನ ಮೈಮ್ಯಾಲೆ ಅದನಪಾ ಮಾಂತೂ?"

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಂಗಿಯ ಮೇಲೆ ಬಿಳಿ ಕೋಟು, ಅದರ ಮೇಲೆ ಸೀಸದ ಏಪ್ರನ್. ಯಾರು ಬಿಚ್ಚಿ ನೋಡುತ್ತಾರೆ? ಆರು ವರ್ಷ ಹೇಳಿದ ಸುಳ್ಳಿಗೆ ಇನ್ನೊಂದು ನಿಮಿಷದ ಸುಳ್ಳು ಭಾರವೇ? ಇಲ್ಲ ಎಂದರೆ ಅವಳು ಇಳಿದು ಹೋಗುತ್ತಾಳೆ, ಗಡ್ಡೆಯನ್ನೂ ಜೊತೆಗೆ ಕಟ್ಟಿಕೊಂಡು. ಅವಳ ಬದುಕಿಗಾಗಿ ಸುಳ್ಳು ಹೇಳಬೇಕೆಂದೇ ಮಾಂತು ಬಾಯಿ ತೆರೆದ. ಆದರೆ ಹಲಗೆಯ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದ ಆ ಹಸಿದ ಮುಖದೆದುರು ಅದು ಹೊರಬೀಳಲಿಲ್ಲ.

"ಇಲ್ರಿ," ಅಂದ. "ಆವಾಗೂ ಇರಲಿಲ್ರಿ ಅವ್ವಾರ. ನಿಮ್ಮಲ್ಲಿ ಉಣ್ಣಾಕ ಬರುವಾಗ ಖಾಲಿ ಕರಡಗಿ ಹಾಕ್ಕೊಂಡು ಬರ್ತಿದ್ದೆ."

ಹೇಳಿ ತಲೆ ತಗ್ಗಿಸಿದ. ಗಾಜಿನ ಆಚೆ ಮೇಡಂ ಗಡಿಯಾರ ನೋಡುತ್ತಿದ್ದರು.

"ಗೊತ್ತದ," ಅಂದಳು ಶಿವಗಂಗವ್ವ. "ಮೊದಲನೇ ತಿಂಗಳದಾಗ ಗೊತ್ತಾತು. ನೀ ಉಣ್ಣಾಕ ಗಂಗಾಳಕ್ಕ ಬಗ್ಗಿದಾಗ ಅದು ಅತ್ತಿತ್ತ ಹಗೂರಕ ಹಾರ್ಯಾಡ್ತಿತ್ತು. ಒಳಗ ಲಿಂಗ ಇದ್ರ ಹಂಗ ಹಾರೂದಿಲ್ಲ."

"ಮತ್ತ ಬೆಣ್ಣಿ ಯಾಕ ಹಾಕಿದ್ರಿ?"

"ಹಸದಂವ ಇದ್ದಿ. ಹಿಡಿ ಬಾ. ಇವತ್ತ ಸುಳ್ಳ ಹೇಳಲಿಲ್ಲಲ್ಲ, ಅಷ್ಟ ಸಾಕು ನನಗ."

ಮಾಂತು ಮೇಡಂ ಹತ್ತಿರ ಹೋಗಿ ಮರಾಠಿಯಲ್ಲಿ ಏನೇನು ಹೇಳಿದನೋ ಅವನಿಗೇ ನೆನಪಿಲ್ಲ. ಅವರು ಕೊರಳಿಗೂ ಸೀಸದ ಪಟ್ಟಿ ಹಾಕಿಕೋ ಅಂದರು. ದೀಪಾಲಿಯನ್ನು ಯಂತ್ರ ನಡೆಸುವ ಗುಂಡಿಗಳ ಮುಂದೆ ಕೂರಿಸಿದರು.

ಯಂತ್ರ ಎಂದರೆ ಒಂದು ದೊಡ್ಡ ಬಳೆ. ಶಿವಗಂಗವ್ವನ ಹೊಟ್ಟೆ ಬಳೆಯೊಳಗೆ. ತಲೆ, ಕೈ ಆಚೆ ಬದಿಗೆ. ಮಾಂತು ಆ ಬದಿಗೆ ನಿಂತು, ಸಣ್ಣ ಕರಿಯ ಲಿಂಗವನ್ನು ಹಿಡಿದ ಅವಳ ಎಡಮುಷ್ಟಿಯನ್ನು ತನ್ನೆರಡೂ ಕೈಯಲ್ಲಿ ಮುಚ್ಚಿದ. ಮುಷ್ಟಿ ತಣ್ಣಗಿತ್ತು. "ಒಂದು," ಎಂದು ಎಣಿಸತೊಡಗಿದ. ಔಷಧಿಯ ಯಂತ್ರ ಗುಂಯ್ ಎಂದಿತು. ಏಳಕ್ಕೆ ಅವಳ ಗಂಟಲು ಅಲುಗಿತು. "ಬಿಸಿ ಬಂತ್ರಿ, ಬರಲಿ." ಹದಿನೆಂಟಕ್ಕೆ ಮುಷ್ಟಿ ಒಮ್ಮೆಲೆ ಹಾವು ತುಳಿದವರ ಹಾಗೆ ಎಗರಿತು. ಕೈ ಕೆಳಗೆ ಬರಲು ಎಳೆಯಿತು. ಮಾಂತು ಒತ್ತಿ ಹಿಡಿದ. "ಇಲ್ಲೇ ಅದ ಅವ್ವಾರ, ಕೈಯಾಗ ಅದ, ಎಲ್ಲೂ ಹೋಗಿಲ್ಲ." ಎಳೆತ ಸಡಿಲವಾಯಿತು. "ಶಿವಾ, ಶಿವಾ," ಎಂದು ತುಟಿಗಳು ಮಾತ್ರ ಅಲುಗುತ್ತಿದ್ದವು. ಹೊಟ್ಟೆ ಅಲುಗಲಿಲ್ಲ. ಮೂವತ್ತು ದಾಟಿತು, ನಲವತ್ತು ದಾಟಿತು. ಅಷ್ಟು ಉದ್ದದ ಐವತ್ತು ಸೆಕೆಂಡುಗಳನ್ನು ಮಾಂತು ಅದುವರೆಗೆ ಕಂಡಿರಲಿಲ್ಲ.

ಗಾಜಿನ ಆಚೆ ಮೇಡಂ ಹೆಬ್ಬೆರಳು ಎತ್ತಿದರು.

ಅದರ ಮುಂದಿನ ಎರಡು ದಿನ ಮಾಂತು ಮನುಷ್ಯನಾಗಿರಲಿಲ್ಲ. ಕಿಡ್ನಿ ಏನಾಯಿತೋ ಎಂದು ಭವಾನಿ ಪೇಠಕ್ಕೆ ಹೋಗಿ, ನೀರು ಕುಡಿದಿರಾ, ಮೂತ್ರ ಹೋಯಿತಾ ಎಂದು ಹೆಣ್ಣುಮಕ್ಕಳನ್ನು ಕೇಳಬಾರದ್ದನ್ನೆಲ್ಲ ಕೇಳಿ ಈರಬಸಪ್ಪನಿಗೆ ಸಿಟ್ಟು ಬರಿಸಿದ. ಮೂರನೇ ದಿನ ರಕ್ತದ ರಿಪೋರ್ಟು ಬಂತು, ಕಿಡ್ನಿ ಇದ್ದ ಹಾಗೇ ಇದ್ದವು. ಸ್ಕ್ಯಾನಿನ ರಿಪೋರ್ಟಿನಲ್ಲಿ ಗಡ್ಡೆಗೆ ಹೋಗುವ ರಕ್ತ ಬತ್ತಿದೆ, ಉಳಿದ ಲಿವರ್ ಚೆನ್ನಾಗಿದೆ ಎಂದಿತ್ತು. ಆಗಸ್ಟಿನಲ್ಲಿ ಗಡ್ಡೆ ತೆಗೆದರು. ದೀಪಾವಳಿಯ ಹೊತ್ತಿಗೆ ಶಿವಗಂಗವ್ವ ಒಲೆಯ ಮುಂದೆ ಕೂತು ಬೇರೆಯವರು ಬಡಿದ ರೊಟ್ಟಿಯಲ್ಲಿ ಹುಳುಕು ತೆಗೆಯುತ್ತಿದ್ದಳು.

ಆಮೇಲೆ ಪ್ರತಿ ಸೋಮವಾರ ಮಾಂತು ಅಲ್ಲಿ ಉಣ್ಣಲು ಹೋಗುತ್ತಿದ್ದ, ಬರಿಗೊರಳಲ್ಲಿ. ಕಟ್ಟಿಕೋ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಅವನೂ ಟ್ರಂಕು ತೆರೆಯಲಿಲ್ಲ. ಹೇಳಿದ್ದರೆ ಕಟ್ಟಿಕೊಳ್ಳುತ್ತಿದ್ದನೋ ಏನೋ, ಹೇಳದ್ದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಮೊದಲ ರೊಟ್ಟಿ, ಬೆಣ್ಣೆ ಮಾತ್ರ ತಪ್ಪಲಿಲ್ಲ. ಸೆಂಟರಿನಲ್ಲಿ ಅವನು ಒಂದು ಪ್ರಶ್ನೆ ಹೆಚ್ಚಿಗೆ ಕೇಳತೊಡಗಿದ್ದ. ಒಡವೆ ಆಯಿತೇ ಎಂದು ಕೇಳಿದ ಮೇಲೆ, ತೆಗೆಯಬಾರದ್ದು ಏನಾದರೂ ಇದೆಯೇ ಎಂದು ಕೇಳುತ್ತಿದ್ದ. ತಾಯತ, ಜನಿವಾರ, ಸತ್ತ ಮಗಳ ಉಂಗುರ, ಏನೇನೋ ಹೊರಬರುತ್ತಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಎರಡು ಸಾವಿರದ ಒಂಬತ್ತರ ನವೆಂಬರಿನಲ್ಲಿ ಕಾಯಿಲೆ ಪುಪ್ಪುಸದಲ್ಲಿ ಮತ್ತೆ ಎದ್ದಿತು. ಈ ಸಲ ಯಾವ ಸ್ಕ್ಯಾನಿಗೂ ಹೇಳುವುದೇನೂ ಉಳಿದಿರಲಿಲ್ಲ.

ರುದ್ರಭೂಮಿಯಲ್ಲಿ ಜನ ಬಹಳ ಇದ್ದರು, ಅರ್ಧ ಪುಣೆಗೆ ಅವಳು ಊಟ ಹಾಕಿದ್ದಳು. ಮಾಂತು ಎಲ್ಲರ ಹಿಂದೆ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಕುಣಿಯಲ್ಲಿ ಅವಳನ್ನು ಪದ್ಮಾಸನದಲ್ಲಿ ಕೂರಿಸಿದ್ದರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಅವಳ ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಬೆರಳುಗಳು ಮುಚ್ಚಿ ನಿಲ್ಲಲಿಲ್ಲ. ಎರಡು ಸಲ ಮುಚ್ಚಿದರು, ಎರಡು ಸಲವೂ ತೆರೆದವು. "ಮಂತ್ರ ಮುಗಿಯೂತನಕ ಒಬ್ಬರು ಇಳದು ಹಿಡೀರಿ," ಅಂದರು. "ಕೊಳ್ಳಾಗ ಲಿಂಗ ಇದ್ದಾವ್ರು ಬರ್ರಿ."

ನಾಲ್ಕೈದು ಜನ ಮುಂದೆ ಬಂದರು. ಈರಬಸಪ್ಪ ಕೈ ಅಡ್ಡ ಮಾಡಿ ಅವರನ್ನು ತಡೆದು, ಹಿಂದೆ ಹುಡುಕಿ, "ಮಾಂತೂ, ನೀ ಇಳಿ," ಅಂದ.

"ಕಾಕಾರ, ನನ್ನ ಕೊಳ್ಳಾಗ..."

"ಗೊತ್ತದ. ಆಕೀನೇ ಹೇಳಿ ಹೋಗ್ಯಾಳ. ಕಡೀಕ ನನ್ನ ಕೈ ಮಾಂತೂನೇ ಹಿಡೀಬೇಕು, ಅಂವ ಬೀಳಗೊಡೂದಿಲ್ಲ ಅಂತ."

ಅಯ್ಯನವರು ಒಮ್ಮೆ ಮಾಂತುವಿನ ಬರಿಗೊರಳನ್ನು, ಒಮ್ಮೆ ಈರಬಸಪ್ಪನನ್ನು ನೋಡಿ ಪಕ್ಕಕ್ಕೆ ಸರಿದರು. ಮಾಂತು ಚಪ್ಪಲಿ ಬಿಟ್ಟು ಇಳಿದ. ತಣ್ಣಗಿದ್ದ ಎಡಮುಷ್ಟಿಯನ್ನು ಎರಡೂ ಕೈಯಲ್ಲಿ ಮುಚ್ಚಿದ. ಮಂತ್ರ ಶುರುವಾಯಿತು. ರೂಢಿಯಿಂದ ತುಟಿಯೊಳಗೇ ಎಣಿಸತೊಡಗಿದ. ಹದಿನೆಂಟು ಬಂದಾಗ ಕೈಗಳು ತಾವಾಗಿಯೇ ಬಿಗಿಯಾದವು. ಐವತ್ತಾಯಿತು, ನೂರಾಯಿತು. ಮಂತ್ರ ಮುಗಿಯಿತು.

"ಸಾಕಪಾ, ಮ್ಯಾಲ ಬಾ, ಮಣ್ಣ ಹಾಕಬೇಕು," ಅಂದರು ಅಯ್ಯನವರು. ಮಾಂತು ಏಳಲಿಲ್ಲ. ಆ ಕುಣಿಯ ಮಣ್ಣಿನಲ್ಲಿ ಅವನು ಕೂತಿದ್ದ, ಆರಾಮಾಗಿ, ಕುರ್ಚಿಯಲ್ಲಿ ಎಂದೂ ಕೂರದ ಹಾಗೆ, ಕೂತೇ ಇದ್ದ.

"ಇನ್ನೊಂದೀಟ ತಡೀರಿ," ಅಂದ.